ಹೊಗೆಯ ದಾರಿ ಗುಡಿಸುವವರು ಯಾರು?

ಕೆಲ ದಿನಗಳ ಹಿಂದೆ ನಿವೃತ್ತ ಮಾಸ್ತರರೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಆರು ತಿಂಗಳು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದು ಊರಿಗೆ ಮರಳಿದವರು. ರಕ್ತದೊತ್ತಡ ನೋಡಿಸಿಕೊಂಡ ಮೇಲೆ, ಅಲ್ಲಿ ಕಂಡ ಒಂದು ಸೋಜಿಗವನ್ನು ಹೇಳಿದರು.

“ಡಾಕ್ಟರ್ರ, ಅಲ್ಲಿ ಮನಿ ಗ್ವಾಡಿ ಒಳಗ, ಮಾಳಗಿ ಒಳಗ ಗಾಳಿ ಹಾಯೋ ಕೊಳವಿ ಇರ್ತಾವ್ರಿ. ಅದನ್ನ ಸ್ವಚ್ಛ ಮಾಡಾಕ ಕಂಪನಿಯವರು ದೊಡ್ಡ ಗಾಡಿ ತಗೊಂಡು ಬರ್ತಾರ. ಆನಿ ಸೊಂಡಿಲಿನಂಥಾ ಪೈಪು ಹಚ್ಚಿ ಧೂಳಾ ಎಳಕೊಂಡು, ರೊಕ್ಕಾ ಎಣಿಸಿಕೊಂಡು ಹೋಗ್ತಾರ. ನಮ್ಮ ಮನ್ಯಾಗ ಅಂಥಾದ್ದು ಯಾವದೂ ಇಲ್ಲ ನೋಡ್ರಿ. ನಾವು ಬಚಾವ್!”

ಅವರ ಮಾತಿಗೆ ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ ನನ್ನ ಮುಂದೆ ಬಂದು ಕುಳಿತ ರೋಗಿ ಅರವತ್ತರ ಹತ್ತಿರದ ಒಬ್ಬ ತಾಯಿ. ಬೀಡಿ-ಸಿಗರೇಟು ಮುಟ್ಟಿದವರಲ್ಲ. ಎರಡು ಮಾತು ಆಡುವಷ್ಟರಲ್ಲಿ ಏದುಸಿರು. ಸೆರಗಿಗೆ ಹೊಗೆಯ ವಾಸನೆ. ನಾವು ನಿಜವಾಗಿ ಬಚಾವಾಗಿದ್ದೇವೆಯೇ ಎಂಬ ಪ್ರಶ್ನೆ ಆಗ ಎದ್ದಿತು. ಇಂದಿನ ಈ ಲೇಖನ ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ.

ಧೂಳು ಬೇರೆ, ಹೊಗೆ ಬೇರೆ

ಮೊದಲು ಮಾಸ್ತರರು ಕಂಡ ಸಂಗತಿಯನ್ನೇ ನೋಡೋಣ. ಚಳಿದೇಶಗಳಲ್ಲಿ ಮನೆಯ ಒಂದು ಮೂಲೆಯಲ್ಲಿ ದೊಡ್ಡ ಕುಲುಮೆಯಂಥ ಯಂತ್ರ ಇರುತ್ತದೆ. ಅದು ಅನಿಲ ಅಥವಾ ಎಣ್ಣೆ ಉರಿಸಿ ಗಾಳಿಯನ್ನು ಬಿಸಿಮಾಡುತ್ತದೆ. ಆ ಬೆಚ್ಚನೆಯ ಗಾಳಿ ತಗಡಿನ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಹೋಗುತ್ತದೆ. ಈ ಕೊಳವೆಗಳಲ್ಲಿ ವರ್ಷಗಟ್ಟಲೆ ಧೂಳು ಕೂರುತ್ತದೆ. “ಇದನ್ನು ತೆಗೆಸದಿದ್ದರೆ ನಿಮಗೆ ಅಲರ್ಜಿ, ಉಬ್ಬಸ ತಪ್ಪಿದ್ದಲ್ಲ” ಎಂದು ಹೇಳಿ ಸ್ವಚ್ಛಮಾಡುವ ವ್ಯಾಪಾರವೇ ಅಲ್ಲಿ ಬೆಳೆದಿದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲಿ ಜನಸಾಮಾನ್ಯರಿಗಾಗಿ ಈ ಬಗ್ಗೆ ಒಂದು ಪುಸ್ತಿಕೆ ಪ್ರಕಟಿಸಿತು. ಗಾಳಿಕೊಳವೆ ತೊಳೆಸುವುದರಿಂದ ರೋಗ ತಪ್ಪುತ್ತದೆ ಎಂಬುದು ಸಿದ್ಧವಾಗಿಲ್ಲ, ಕಣ್ಣಿಗೆ ಕಾಣುವಂತೆ ಬೂಸು ಬೆಳೆದಿದ್ದರೆ, ಇಲಿ-ಹುಳು ಸೇರಿದ್ದರೆ, ಧೂಳು ತುಂಬಿ ಕಟ್ಟಿಕೊಂಡಿದ್ದರೆ ಮಾತ್ರ ತೊಳೆಸಿದರೆ ಸಾಕು ಎಂಬುದು ಅದರ ಸಾರ. ಆದರೆ ಅದೇ ಪುಸ್ತಿಕೆ ಇನ್ನೊಂದು ಮಾತನ್ನು ಒತ್ತಿ ಹೇಳುತ್ತದೆ: ಮನೆಯಲ್ಲಿ ಇಂಧನ ಉರಿಸುವ ಕುಲುಮೆ ಅಥವಾ ಒಲೆ ಇದ್ದರೆ, ಪ್ರತಿ ಚಳಿಗಾಲಕ್ಕೆ ಮುನ್ನ ಅದನ್ನು ತಪ್ಪದೆ ಪರೀಕ್ಷೆ ಮಾಡಿಸಬೇಕು. ಏಕೆಂದರೆ ಅಲ್ಲಿ ಪ್ರಶ್ನೆ ಧೂಳಿನದಲ್ಲ, ಜೀವದ್ದು.

ಬಟ್ಟೆ ಒಣಗಿಸುವ ಯಂತ್ರದ ಕಥೆಯೂ ಇದೇ. ಅದರ ಬಿಸಿಗಾಳಿ ಹೊರಹೋಗುವ ಕೊಳವೆಯಲ್ಲಿ ಹತ್ತಿಯ ನಾರು ಕಟ್ಟಿಕೊಂಡರೆ ಬೆಂಕಿ ಹತ್ತುತ್ತದೆ. 2008ರಿಂದ 2010ರವರೆಗಿನ ಅಮೆರಿಕದ ಅಗ್ನಿಶಾಮಕ ಆಡಳಿತದ ಲೆಕ್ಕದಲ್ಲಿ, ಈ ಯಂತ್ರಗಳಿಂದ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಬೆಂಕಿ ಬಿದ್ದಿತ್ತು. ಅದಕ್ಕೆ ಮುಖ್ಯ ಕಾರಣ ಸ್ವಚ್ಛಮಾಡದೆ ಬಿಟ್ಟದ್ದು.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ. ಮನೆಯೊಳಗೆ ಗಾಳಿ ಬರುವ ದಾರಿಯಲ್ಲಿ ಒಂದಿಷ್ಟು ಧೂಳಿದ್ದರೆ ದೊಡ್ಡ ಅಪಾಯವಿಲ್ಲ. ಬೆಂಕಿಯ ಉಸಿರು ಹೊರಹೋಗುವ ದಾರಿ ಕಟ್ಟಿದರೆ ಅಪಾಯ. ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಮನೆಗಳಲ್ಲಿ ಗಾಳಿಕೊಳವೆ ಇಲ್ಲ, ನಿಜ. ಆದರೆ ಬೆಂಕಿ ಇಲ್ಲದ ಮನೆ ಯಾವುದಿದೆ?

ನಮ್ಮ ಮನೆಯ ಬೆಂಕಿಗಳು

ಎಣಿಸಿ ನೋಡಿ. ಅಡಿಗೆಮನೆಯಲ್ಲಿ ರೊಟ್ಟಿಯ ಒಲೆ. ಬಚ್ಚಲಲ್ಲಿ ಹಂಡೆಯ ಕೆಳಗೆ ನೀರೊಲೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ. ಪೇಟೆಯ ಹೊಸ ಮನೆಗಳಲ್ಲಿ ಗ್ಯಾಸ್ ಗೀಸರ್.

“ಈಗ ಮನೆಮನೆಗೆ ಗ್ಯಾಸ್ ಬಂದಿದೆಯಲ್ಲ, ಒಲೆಯ ಮಾತೇಕೆ?” ಎಂದು ಕೆಲವರು ಕೇಳಬಹುದು. ಬಂದಿರುವುದು ನಿಜ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ನಮ್ಮ ಹಳ್ಳಿಗಳ ಬಡವರ ಮನೆಗೂ ಸಿಲಿಂಡರ್ ಬಂತು. ಇದು ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ನಾನು ಕಂಡ ಬಹಳಷ್ಟು ಮನೆಗಳಲ್ಲಿ ಗ್ಯಾಸು ಚಹಾಕ್ಕೆ, ಬೀಗರು ಬಂದಾಗ ಉಪ್ಪಿಟ್ಟಿಗೆ. ದಿನದ ಹತ್ತು-ಇಪ್ಪತ್ತು ಜೋಳದ ರೊಟ್ಟಿ ಬೇಯುವುದು ಒಲೆಯ ಮೇಲೆಯೇ. “ಗ್ಯಾಸಿನ ಮ್ಯಾಲಿನ ರೊಟ್ಟಿ ಹೊಟ್ಟಿಗೆ ಹತ್ತೂದಿಲ್ರಿ” ಎಂಬ ಮಾತು ಒಂದು ಕಡೆ. ಸಿಲಿಂಡರ್ ತುಂಬಿಸುವ ಖರ್ಚು ಇನ್ನೊಂದು ಕಡೆ. ಹೊಲದಿಂದ ಬಂದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕಾಳು ಬಿಡಿಸಿದ ಗೋವಿನಜೋಳದ ತೆನೆ, ಹಿತ್ತಲಲ್ಲಿ ಒಟ್ಟಿದ ಕುಳ್ಳು ಇವೆಲ್ಲ ಪುಕ್ಕಟೆ. ಕಲಘಟಗಿಯ ಕಡೆ ಅಡವಿಯ ಕಟ್ಟಿಗೆ ಉಂಟು. ಹೀಗಾಗಿ ಒಂದೇ ಮನೆಯಲ್ಲಿ ಗ್ಯಾಸೂ ಇದೆ, ಹೊಗೆಯೂ ಇದೆ.

ಇನ್ನು ಮನೆಯ ಕಟ್ಟೋಣ. ನಮ್ಮ ಎರೆಸೀಮೆಯ ಮಾಳಿಗೆ ಮನೆಗಳಲ್ಲಿ ಹಿರಿಯರು ಅಡಿಗೆಮನೆಯ ಮೇಲೊಂದು ಬೆಳಕಿಂಡಿ ಬಿಡುತ್ತಿದ್ದರು. ಬೆಳಕು ಕೆಳಗೆ ಬರಲಿ, ಹೊಗೆ ಮೇಲೆ ಹೋಗಲಿ ಎಂದು. ಮಳೆ ಬಂದಾಗ ಅದರ ಮೇಲೊಂದು ಕಲ್ಲು ಮುಚ್ಚುವುದು, ಮಳೆ ನಿಂತಾಗ ಸರಿಸುವುದು ರೂಢಿ. ಆ ಸರಿಸುವ ಕೆಲಸ ಎಷ್ಟು ಮನೆಗಳಲ್ಲಿ ನೆನಪಿನಲ್ಲಿರುತ್ತದೆ? ಕಲಘಟಗಿಯ ಹೆಂಚಿನ ಮನೆಗಳಲ್ಲಿ ಹೊಗೆ ಹೆಂಚಿನ ಸಂದಿಯಿಂದ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಈಗ ಮನೆಗಳು ಆರ್‌ಸಿಸಿ ಆದವು. ಸ್ಲ್ಯಾಬಿಗೆ ಬೆಳಕಿಂಡಿಯೂ ಇಲ್ಲ, ಸಂದಿಯೂ ಇಲ್ಲ. ಒಲೆ ಮಾತ್ರ ಹಳೆಯದೇ.

ಒಂದು ಮನೆ, ಎರಡು ಚೀಟಿ

ಇಲ್ಲಿ ನನ್ನದೇ ಒಂದು ತಪ್ಪನ್ನು ಓದುಗರ ಮುಂದೆ ಇಡಬೇಕು. ಮೇಲೆ ಹೇಳಿದ ಆ ತಾಯಿ ಮೂರು ವರ್ಷಗಳಿಂದ ನನ್ನ ರೋಗಿ. ಕೆಮ್ಮು, ಕಫ, ದಮ್ಮು. ನಾನು ಔಷಧಿ ಬರೆದೆ. ಎದೆಯ ಕ್ಷ-ಕಿರಣ ತೆಗೆಸಿದೆ, ಕ್ಷಯ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಹುಬ್ಬಳ್ಳಿಗೆ ಕಳಿಸಿ ಊದುವ ಪರೀಕ್ಷೆ ಮಾಡಿಸಿದೆ. ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಸಿ.ಒ.ಪಿ.ಡಿ. ಎಂಬ ರೋಗ ಅದು ಎಂದು ತಿಳಿಯಿತು. ಇನ್‌ಹೇಲರ್ ಕೊಟ್ಟೆ. ಅದೇ ಅವಧಿಯಲ್ಲಿ ಎರಡು ವರ್ಷದ ಒಂದು ಮಗು ಪದೇ ಪದೇ ಎದೆ ಗೊರಗುಟ್ಟಿಸಿಕೊಂಡು ಬರುತ್ತಿತ್ತು. ಎರಡು ಸಲ ನ್ಯುಮೋನಿಯಾ ಆಗಿ ಅದನ್ನೂ ಹುಬ್ಬಳ್ಳಿಗೆ ಕಳಿಸಬೇಕಾಯಿತು. ಅದು ಈ ತಾಯಿಯ ಮೊಮ್ಮಗ ಎಂಬುದು ನನಗೆ ಗೊತ್ತಿತ್ತು. ಆದರೆ ಎರಡೂ ಚೀಟಿಗಳನ್ನು ಒಟ್ಟಿಗೆ ಇಟ್ಟು ನಾನು ಒಮ್ಮೆಯೂ ಯೋಚಿಸಲಿಲ್ಲ.

ಮಾಸ್ತರರು ಬಂದುಹೋದ ಮರುವಾರ ಆ ತಾಯಿಗೆ ದವಾಖಾನೆಯವರೆಗೆ ನಡೆದು ಬರಲು ಆಗಲಿಲ್ಲ. ನಾನೇ ಮನೆಗೆ ಹೋದೆ. ಅಡಿಗೆಮನೆಯಲ್ಲಿ ಸಿಮೆಂಟಿನ ಕೊಳವೆ ಇರುವ ಹಳೆಯ ಹೊಗೆರಹಿತ ಒಲೆ. ಸೊಸೆ ರೊಟ್ಟಿ ಬಡಿಯುತ್ತಿದ್ದಳು, ಪಕ್ಕದಲ್ಲಿ ಮಗು. ಕೊಳವೆ ಇದ್ದರೂ ಹೊಗೆ ಮಾತ್ರ ಒಲೆಯ ಬಾಯಿಂದಲೇ ಹೊರಬರುತ್ತಿತ್ತು. ಬಾಗಿಲಲ್ಲಿ ನಿಂತ ನನ್ನ ಕಣ್ಣಲ್ಲೂ ನೀರು.

“ಯವ್ವಾ, ಈ ಕೊಳವಿ ಯಾವಾಗ ತೊಳದಿದ್ರಿ?” ಎಂದು ಕೇಳಿದೆ.

“ತೊಳ್ಯಾಕ ಬರತೈತೇನ ಯಪ್ಪಾ ಅದು? ಮಳಿ ನೀರು ಇಳೀತಾವಂತ ಮಗಾ ಮ್ಯಾಲೆ ಪರಸಿ ಇಟ್ಟಿದ್ದ. ನಾಕು ಮಳಿಗಾಲ ಆತು. ನಾವು ಹೆಣ್ಮಕ್ಕಳು ಮಾಳಗಿ ಹತ್ತಿ ಅದನ್ನ ತಗ್ಯೂದ ಹೆಂಗ?”

ಮಗ ಕೆಟ್ಟವನಲ್ಲ. ತಾಯಿಯ ಔಷಧಿಗೆ ಒಮ್ಮೆಯೂ ಹಿಂದೆಮುಂದೆ ನೋಡಿದವನಲ್ಲ. ಆದರೆ ಅವನು ಅಡಿಗೆಮನೆಯಲ್ಲಿ ಕುಳಿತವನೂ ಅಲ್ಲ. ನಾನು ಹೇಳಿದ ಕೂಡಲೇ ನಿಚ್ಚಣಿಕೆ ಇಟ್ಟು ಮೇಲೆ ಹತ್ತಿದ. ಪರಸಿಕಲ್ಲು ತೆಗೆದ. ಮರುದಿನ ಬೆಳಿಗ್ಗೆ ಒಲೆ ಆರಿದ ಮೇಲೆ ಹಗ್ಗಕ್ಕೆ ಗೋಣಿಚೀಲದ ತುಂಡು ಕಟ್ಟಿ ಕೊಳವೆಯೊಳಗೆ ಎಳೆದಾಡಿದಾಗ, ಕೆಳಗೆ ಒಂದು ಬುಟ್ಟಿ ಇಲ್ಲಣ ಬಿದ್ದಿತಂತೆ. ಆ ತಾಯಿಯ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಅದು ಆಗುವುದೂ ಇಲ್ಲ, ಇನ್‌ಹೇಲರ್ ಮುಂದುವರಿದಿದೆ. ಆದರೆ ರಾತ್ರಿಯ ಕೆಮ್ಮು ಇಳಿದಿದೆ ಎನ್ನುತ್ತಾರೆ. ಒಂದು ಮನೆಯ ಅನುಭವದಿಂದ ಸಿದ್ಧಾಂತ ಕಟ್ಟಲು ಬಾರದು. ಆದರೆ ಮೂರು ವರ್ಷ ಔಷಧಿ ಬರೆದ ನಾನು “ನಿಮ್ಮ ಒಲೆಯ ಹೊಗೆ ಎಲ್ಲಿಗೆ ಹೋಗುತ್ತದೆ?” ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲ ಎಂಬುದು ಮಾತ್ರ ಸತ್ಯ.

ಹೊಗೆ ಮಾಡುವುದೇನು?

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಕೆಡುಕು. ಮೂಗಿನ ಕೂದಲು, ಗಂಟಲಿನ ಲೋಳೆ ಇವುಗಳಿಂದ ತಪ್ಪಿಸಿಕೊಂಡು ಅವು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ದಿನವೂ ಉರಿಯೂತ. ಇಪ್ಪತ್ತು-ಮೂವತ್ತು ವರ್ಷ ಹೀಗೆ ನಡೆದರೆ ಶ್ವಾಸನಾಳಗಳು ಕಿರಿದಾಗುತ್ತವೆ. ಮಕ್ಕಳಲ್ಲಿ ನ್ಯುಮೋನಿಯಾ, ದೊಡ್ಡವರಲ್ಲಿ ದಮ್ಮು, ಹೃದಯಾಘಾತ, ಲಕ್ವ, ಶ್ವಾಸಕೋಶದ ಕ್ಯಾನ್ಸರ್ ಇವೆಲ್ಲಕ್ಕೂ ಅಡಿಗೆಮನೆಯ ಹೊಗೆಯ ಸಂಬಂಧ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮನೆಯೊಳಗಿನ ಹೊಗೆಯಿಂದಾಗಿ ಸತ್ತರು.

ಇದನ್ನು ಮೊದಲೇ ಗುರುತಿಸಿದವರಲ್ಲಿ ನಮ್ಮ ದೇಶದವರೇ ಇದ್ದಾರೆ ಎಂಬುದು ಹೆಮ್ಮೆಯ ಮಾತು. ದೆಹಲಿಯ ಹೆಸರಾಂತ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಅವರು 1950ರ ದಶಕದಲ್ಲೇ, ಶ್ವಾಸಕೋಶ ಕೆಟ್ಟು ಅದರಿಂದ ಹೃದಯದ ಬಲಭಾಗ ಸೋಲುವ ರೋಗವನ್ನು ಅಭ್ಯಾಸ ಮಾಡುತ್ತಿದ್ದರು. ಧೂಮಪಾನ ಮಾಡದ ಹೆಂಗಸರಲ್ಲೂ ಈ ರೋಗ ಬಹಳ ಕಂಡಿತು. ಅವರು ಬೊಟ್ಟು ಮಾಡಿ ತೋರಿಸಿದ್ದು ಅಡಿಗೆಯ ಹೊಗೆಯತ್ತ. 1980ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ಕಿರ್ಕ್ ಸ್ಮಿತ್ ಅವರು ಭಾರತೀಯ ಸಹೋದ್ಯೋಗಿಗಳೊಂದಿಗೆ ಗುಜರಾತಿನ ಹಳ್ಳಿಗಳಲ್ಲಿ, ಅಡಿಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನೇ ಅಳೆದು ನೋಡಿ ಅದು ಎಷ್ಟು ಕೆಟ್ಟದ್ದು ಎಂದು ತೋರಿಸಿದರು.

“ನಮ್ಮಜ್ಜಿ ಹೊಗೆಯಲ್ಲೇ ತೊಂಬತ್ತು ವರ್ಷ ಬಾಳಿದಳು” ಎನ್ನುವವರಿದ್ದಾರೆ. ಬಾಳಿರಬಹುದು. ಆದರೆ ಬಾಳಿದ ಅಜ್ಜಿ ನಮ್ಮ ನೆನಪಿನಲ್ಲಿದ್ದಾಳೆ. ನಲವತ್ತೈದಕ್ಕೆ ಕೆಮ್ಮಿ ಹೋದವಳು, ಎದೆ ಕಟ್ಟಿ ಹೋದ ಎಳೆಗೂಸು, ಇವರ ಲೆಕ್ಕ ಇಟ್ಟವರು ಯಾರು?

ಒಲೆ ಕೊಟ್ಟರು, ಬ್ರಶ್ ಕೊಡಲಿಲ್ಲ

ಹೊಗೆರಹಿತ ಒಲೆಯ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿಂದ ಬಂದದ್ದೇ ‘ಅಸ್ತ್ರ ಒಲೆ’. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ, ಕಟ್ಟಿಗೆಯ ಉಳಿತಾಯ. ಕೇಂದ್ರ ಸರಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೈಗೊಂಡಿತು. 2002ರಲ್ಲಿ ಅದು ನಿಂತಿತು. ಅಷ್ಟರಲ್ಲಿ ದೇಶದ ಹಳ್ಳಿಗಳಲ್ಲಿ ಕೋಟಿಗಟ್ಟಲೆ ಒಲೆ ಕಟ್ಟಿ ಆಗಿತ್ತು. ಅವುಗಳಲ್ಲಿ ಎಷ್ಟು ಈಗ ಉರಿಯುತ್ತಿವೆ? ಹಳ್ಳಿಯ ಮನೆಗಳನ್ನು ಹೊಕ್ಕವರಿಗೆ ಗೊತ್ತು. ಎಷ್ಟೋ ಕಡೆ ಒಲೆ ಒಡೆದು ಹಳೆಯ ಮೂರು ಕಲ್ಲು ಮರಳಿ ಬಂದಿವೆ, ಕೊಳವೆ ಮಾತ್ರ ಮಾಳಿಗೆಯ ಮೇಲೆ ಅನಾಥವಾಗಿ ನಿಂತಿದೆ.

ಕಾರಣ ಒಲೆಯ ವಿನ್ಯಾಸವಷ್ಟೇ ಅಲ್ಲ. ಒಡಿಶಾದಲ್ಲಿ ಸುಮಾರು 2,600 ಕುಟುಂಬಗಳನ್ನು ನಾಲ್ಕು ವರ್ಷದವರೆಗೆ ಗಮನಿಸಿ ನಡೆಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಎಸ್ತರ್ ಡುಫ್ಲೊ ಅದರ ಲೇಖಕರಲ್ಲಿ ಒಬ್ಬರು. ಕೊಳವೆಯ ಒಲೆ ಹಾಕಿಕೊಟ್ಟ ಮೊದಲ ವರ್ಷ ಅಡಿಗೆ ಮಾಡುವವರ ದೇಹಕ್ಕೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಜನರು ಒಲೆಯನ್ನು ಸರಿಯಾಗಿ ಬಳಸಲಿಲ್ಲ, ದುರಸ್ತಿ ಮಾಡಿಸಲಿಲ್ಲ, ಕ್ರಮೇಣ ಬಿಟ್ಟೇಬಿಟ್ಟರು. ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ.

ಇದರ ಹಿಂದೆ ದೊಡ್ಡ ವಿಜ್ಞಾನವೇನೂ ಇಲ್ಲ. ಬಿಸಿಗಾಳಿ ಮೇಲೇರುತ್ತದೆ, ಹಿಂದೆಯೇ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ನಾಲ್ಕು ಇಂಚು ಅಗಲದ ಕೊಳವೆಯೊಳಗೆ ಸುತ್ತಲೂ ಒಂದು ಇಂಚು ಮಸಿ ಕಟ್ಟಿತು ಎನ್ನಿ. ಉಳಿದ ದಾರಿ ಎರಡು ಇಂಚು. ಅರ್ಧ ಉಳಿಯಿತು ಎಂದು ನಮಗೆ ಅನಿಸುತ್ತದೆ. ಲೆಕ್ಕ ಹಾಕಿದರೆ ಹೊಗೆ ಹಾಯಲು ಉಳಿದದ್ದು ಕಾಲುಭಾಗ ಮಾತ್ರ. ಉಳಿದ ಹೊಗೆ ಎಲ್ಲಿಗೆ ಹೋಗಬೇಕು? ಒಲೆಯ ಮುಂದೆ ಕುಳಿತವಳ ಎದೆಗೆ. ಹಸಿ ಕಟ್ಟಿಗೆ ಉರಿಸಿದರೆ ಇನ್ನೂ ಕಷ್ಟ. ಕೊಳವೆಯಲ್ಲಿ ಡಾಂಬರಿನಂಥ ಜಿಗುಟು ಕಟ್ಟುತ್ತದೆ. ಅದು ಒಮ್ಮೊಮ್ಮೆ ತಾನೇ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಬಣವೆ ಇದ್ದರೆ ಮುಂದಿನದನ್ನು ಹೇಳಬೇಕಿಲ್ಲ.

ಸರಕಾರ ಕಟ್ಟಿದ ಒಲೆಗಳನ್ನು ಎಣಿಸಿತು, ತೊಳೆದ ಕೊಳವೆಗಳನ್ನು ಎಣಿಸಲಿಲ್ಲ. ಮನೆಯಲ್ಲಿಯೂ ಇದೇ. ಅಡಿಗೆ ಹೆಂಗಸರ ಕೆಲಸ, ಮಾಳಿಗೆ ಹತ್ತುವುದು ಗಂಡಸರ ಕೆಲಸ ಎಂದು ನಾವು ಹಂಚಿಕೊಂಡಿದ್ದೇವೆ. ಒಲೆಯ ಕೊಳವೆ ಅಡಿಗೆಮನೆಯಲ್ಲಿ ಹುಟ್ಟಿ ಮಾಳಿಗೆಯ ಮೇಲೆ ಮುಗಿಯುತ್ತದೆ. ಆದ್ದರಿಂದ ಅದು ಯಾರ ಕೆಲಸವೂ ಅಲ್ಲದೆ ನಡುವೆ ಬಿದ್ದಿದೆ. ಕೆಮ್ಮು ಅವಳದು, ನಿಚ್ಚಣಿಕೆ ಇವನದು. ಈ ಎರಡನ್ನು ಕೂಡಿಸುವುದೇ ಇಂದು ಆಗಬೇಕಾದ ಚಿಕಿತ್ಸೆ.

ಕಾಣದ ಕೊಲೆಗಡುಕ

ಹೊಗೆಯಾದರೂ ಕಣ್ಣು ಉರಿಸಿ ಎಚ್ಚರಿಕೆ ಕೊಡುತ್ತದೆ. ಇಂಗಾಲದ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿಗೆ ಗಾಳಿ ಸಾಲದಾದಾಗ ಅದು ಹುಟ್ಟುತ್ತದೆ. ನಮ್ಮ ರಕ್ತದ ಕೆಂಪುವಸ್ತು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಂತಿಯ ಅನುಭವ. ಆಮೇಲೆ ಎದ್ದು ಹೊರಬರುವ ಶಕ್ತಿಯೂ ಇರುವುದಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಎರಡು ಜಾಗ. ಮೊದಲನೆಯದು ಬಾಣಂತಿಯ ಕೋಣೆ. ಥಂಡಿ ಆಗಬಾರದೆಂದು ಬಾಗಿಲು ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕುತ್ತಾರೆ. ಹಿರಿಯರ ಉದ್ದೇಶ ಪ್ರೀತಿಯದೇ. ಆದರೆ ಕೆಂಡಕ್ಕೆ ಹೊಗೆ ಇಲ್ಲದಿದ್ದರೂ ಆ ವಿಷಾನಿಲ ಇರುತ್ತದೆ. ಹುಟ್ಟಿ ಹತ್ತು ದಿನದ ಕೂಸಿನ ಶ್ವಾಸಕೋಶಕ್ಕೆ ಆ ಹೊಗೆಯೂ ತಡೆಯದು. ಬೆಚ್ಚಗಿಡಲು ಬಟ್ಟೆ, ಟೋಪಿ, ಕಂಬಳಿ, ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ಎದೆ ಇದೆ. ಕೆಂಡ ಬೇಡವೇ ಬೇಡ. ಮನೆಯ ಹಿರಿಯರು ಕೇಳದಿದ್ದರೆ ಕೋಣೆಯಲ್ಲಿ ಬಾಗಿಲು, ಕಿಟಕಿ ಎರಡೂ ತೆರೆದಿರಲಿ, ರಾತ್ರಿ ಮಲಗುವಾಗ ಅಗ್ಗಿಷ್ಟಿಕೆ ಹೊರಗಿರಲಿ.

ಎರಡನೆಯದು ಪೇಟೆಯ ಬಚ್ಚಲುಮನೆ. ಕಿಟಕಿ ಇಲ್ಲದ ನಾಲ್ಕಡಿ ಬಚ್ಚಲಲ್ಲಿ ಗ್ಯಾಸ್ ಗೀಸರ್ ಜೋಡಿಸಿ, ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿದವರು ಪ್ರಜ್ಞೆ ತಪ್ಪಿ ಬಿದ್ದದ್ದು, ಫಿಟ್ಸ್ ಬಂದದ್ದು, ಸತ್ತದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ ಇರಬೇಕು. ಅದರ ಸುಟ್ಟ ಗಾಳಿ ಬಯಲಿಗೆ ಹೋಗಬೇಕು. ಒಳಗೇ ಇದ್ದರೆ, ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಬೇಕು. ಯಾರಾದರೂ ಬಿದ್ದಿದ್ದರೆ ಮೊದಲು ಬಾಗಿಲು ತೆರೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಹೊರಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ನಂಬಬೇಡಿ. ಈ ವಿಷ ಏರಿದಾಗಲೂ ಅದು ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆ

ಇದಕ್ಕೆ ಲಾರಿಯೂ ಬೇಡ, ಕಂಪನಿಯೂ ಬೇಡ. ಒಲೆ ಹೊತ್ತಿಸಿ ಐದು ನಿಮಿಷವಾದ ಮೇಲೆ ಒಂದು ಊದಿನಕಡ್ಡಿಯನ್ನು ಒಲೆಯ ಬಾಯಿಯ ಹತ್ತಿರ ಹಿಡಿಯಿರಿ. ಕಡ್ಡಿಯ ಹೊಗೆ ಒಳಗೆ ಸೆಳೆದುಕೊಂಡು ಹೋದರೆ ದಾರಿ ತೆರೆದಿದೆ. ನಿಮ್ಮ ಕಡೆಗೆ ಮರಳಿದರೆ ಕಟ್ಟಿದೆ.

ಕೊಳವೆಯನ್ನು ತಿಂಗಳಿಗೊಮ್ಮೆ ನೋಡಬೇಕು, ಮಸಿ ಕಟ್ಟಿದ್ದರೆ ತೆಗೆಯಬೇಕು. ಒಲೆ ರಾತ್ರಿಯಿಡೀ ಆರಿರಲಿ. ಮೂಗು-ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಕೆಳಗೆ ಗೋಣಿ ಹಾಸಿ. ಉದ್ದ ಹಿಡಿಕೆಯ ಬ್ರಶ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಹಗ್ಗಕ್ಕೆ ಕಟ್ಟಿದ ಗೋಣಿತುಂಡು ಸಾಕು. ಹಳೆಯ ಒಲೆಗಳಿಗೆ ಆಸ್ಬೆಸ್ಟಾಸ್ ಸಿಮೆಂಟಿನ ಪೈಪು ಹಾಕಿದ್ದುಂಟು. ಅದನ್ನು ಗರಗಸದಿಂದ ಕೊಯ್ಯಬೇಡಿ, ಒಣಗಿದಾಗ ಕೆರೆಯಬೇಡಿ. ಅದರ ಧೂಳೂ ವಿಷವೇ. ಒದ್ದೆ ಮಾಡಿದ ಗೋಣಿಯಿಂದಲೇ ಮೆಲ್ಲಗೆ ಒರೆಸಿ. ಒಡೆದಿದ್ದರೆ ತಗಡಿನ ಪೈಪು ಹಾಕಿಸಿ. ಕೊಳವೆ ಮಾಳಿಗೆಯಿಂದ ಎರಡು-ಮೂರು ಅಡಿ ಮೇಲಿರಲಿ. ಮಳೆಗೆ ಕಲ್ಲು ಮುಚ್ಚುವ ಬದಲು, ಸುತ್ತಲೂ ಸಂದಿ ಬಿಟ್ಟು ತಗಡಿನ ಟೋಪಿ ಹಾಕಿಸಿ. ಮೇಲೆ ಹತ್ತುವಾಗ ವಿದ್ಯುತ್ ತಂತಿ ಎಲ್ಲಿದೆ ನೋಡಿಕೊಳ್ಳಿ. ತೆಗೆದ ಮಸಿಯನ್ನು ಅಂಗಳದಲ್ಲಿ ಝಾಡಿಸದೆ ತಗ್ಗಿನಲ್ಲಿ ಮುಚ್ಚಿ.

ಕೊಳವೆಯೇ ಇಲ್ಲದವರು ಬೆಳಕಿಂಡಿಯ ಕಲ್ಲು ಸರಿಸಿ. ನೀರೊಲೆಯನ್ನು ಆದಷ್ಟು ಹಿತ್ತಲಿಗೆ ಒಯ್ಯಿರಿ. ಒಣ ಕಟ್ಟಿಗೆಯನ್ನೇ ಉರಿಸಿ. ರೊಟ್ಟಿಯ ಹೊತ್ತಿಗೆ ಕೂಸನ್ನು ಪಡಸಾಲೆಯಲ್ಲಿ ಯಾರಾದರೂ ಆಡಿಸಲಿ. ಗ್ಯಾಸ್ ತುಂಬಿಸುವ ಶಕ್ತಿ ಇದ್ದವರು ದಯವಿಟ್ಟು ರೊಟ್ಟಿಗೂ ಅದನ್ನೇ ಬಳಸಿ. ರುಚಿಯಲ್ಲಿ ತುಸು ಕಡಿಮೆಯಾದರೂ ಆಯುಷ್ಯ ಕಡಿಮೆಯಾಗದು.

ಯಾರು ಗುಡಿಸಬೇಕು?

ಕೊನೆಯದಾಗಿ ನನ್ನ ಅಭಿಪ್ರಾಯ. ಗ್ರಾಮ ಪಂಚಾಯತಿಗಳು ಪ್ರತಿ ಓಣಿಗೆ ಒಂದರಂತೆ ಉದ್ದ ಬ್ರಶ್ ಕೊಳ್ಳಲಿ. ಅದು ಸ್ತ್ರೀಶಕ್ತಿ ಸಂಘದ ಮನೆಯಲ್ಲೋ, ಹಾಲಿನ ಡೇರಿಯಲ್ಲೋ ಇರಲಿ. ಊರಿನ ಒಬ್ಬಿಬ್ಬರು ಗೌಂಡಿಗಳಿಗೆ ಕೊಳವೆ ದುರಸ್ತಿ ಮಾಡುವ ತರಬೇತಿ ಕೊಟ್ಟು, ಕೆಲಸಕ್ಕೆ ಸರಿಯಾದ ಕೂಲಿ ಕೊಡಲಿ. ಒಲೆಗೆ, ಸಿಲಿಂಡರಿಗೆ ಸಹಾಯಧನ ಕೊಡುವ ಸರಕಾರ ಈ ಚಿಕ್ಕ ಖರ್ಚನ್ನೂ ಹೊರಬಲ್ಲದು. ಆದರೆ ಒಂದು ಎಚ್ಚರಿಕೆ. ಹೊಲಸು ತೆಗೆಯುವ ಕೆಲಸವನ್ನೆಲ್ಲ ಯಾವುದೋ ಒಂದು ಜಾತಿಯ ತಲೆಗೆ ಕಟ್ಟುವ ನಮ್ಮ ಹಳೆಯ ಚಾಳಿ ಇಲ್ಲಿ ಬರಕೂಡದು. ಲಂಡನ್ನಿನಲ್ಲಿ ಎಳೆಯ ಬಡಮಕ್ಕಳನ್ನು ಹೊಗೆಗೂಡಿನೊಳಗೆ ಇಳಿಸಿ ಮಸಿ ತೆಗೆಸುತ್ತಿದ್ದರು. ಆ ಮಸಿಯಿಂದ ಅವರಿಗೆ ವೃಷಣಚೀಲದ ಕ್ಯಾನ್ಸರ್ ಬರುತ್ತದೆ ಎಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲೇ ಬರೆದ. ಮಸಿ ಮುಟ್ಟುವವರಿಗೆ ಕೈಚೀಲ, ಮುಖವಸ್ತ್ರ, ಸ್ನಾನಕ್ಕೆ ನೀರು, ಸರಿಯಾದ ಕೂಲಿ ಇವು ಉಪಕಾರವಲ್ಲ, ಹಕ್ಕು.

ವೈದ್ಯರಾದ ನಾವೂ ಬದಲಾಗಬೇಕು. ಕೆಮ್ಮು ಎಂದು ಬಂದ ಪ್ರತಿ ತಾಯಿಗೆ ಔಷಧಿಯ ಚೀಟಿ ಬರೆಯುವ ಮುನ್ನ ಒಲೆಯ ಬಗ್ಗೆ ಕೇಳಬೇಕು. ನಾನೀಗ ಕೇಳುತ್ತೇನೆ, ಚೀಟಿಯ ಮೂಲೆಯಲ್ಲಿ ಬರೆದೂ ಇಡುತ್ತೇನೆ.

ದಸರೆ ಹತ್ತಿರವಾದಾಗ ನಮ್ಮಲ್ಲಿ ಮನೆಯ ಹಾಸಿಗೆ-ಹೊದಿಕೆಗಳೆಲ್ಲ ಹಳ್ಳಕ್ಕೋ ಕೆರೆಗೋ ಹೋಗುತ್ತವೆ. ಜಂತಿಯ ಜಾಡು ತೆಗೆದು, ಗೋಡೆ ಸಾರಿಸಿ, ಪಾತ್ರೆ ಬೆಳಗಿ ಮನೆ ಹೊಸದಾಗುತ್ತದೆ. ಆ ದಿನ ಮನೆಯ ಗಂಡಸರು ನಿಚ್ಚಣಿಕೆ ಇಟ್ಟು ಒಮ್ಮೆ ಮೇಲೆ ಹತ್ತಲಿ. ಕೊಳವೆಯ ಮೇಲಿನ ಕಲ್ಲು ಸರಿಸಲಿ, ಬೆಳಕಿಂಡಿ ತೆರೆಯಲಿ. ಮುಂದಿನ ತಿಂಗಳು ಮತ್ತೆ ಹತ್ತಲಿ. ಇಡೀ ಮನೆಗೆ ಅನ್ನ ಹಾಕುವವಳ ಉಸಿರಿಗೆ ಇಷ್ಟಾದರೂ ನಮ್ಮಿಂದ ಆಗಬೇಡವೇ?